ಮನೆಯವರನ್ನೇ ಹೊಡೆಯುವ ಕಾವಲು: ಮಕ್ಕಳ ಮಧುಮೇಹ ಮತ್ತು ಹೊಸ ಕೋಶ ಚಿಕಿತ್ಸೆ

(ಸಂಸ್ಥೆಯ ವಿಜ್ಞಾನ ದಿನಾಚರಣೆಯಲ್ಲಿ ಮಾಡಿದ ಭಾಷಣ)

 

ವಿಜ್ಞಾನ ದಿನಾಚರಣೆಗೆ ಭಾಷಾ ಶಿಕ್ಷಕಿಯನ್ನು ಏಕೆ ಕರೆದರು ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಕಾರ್ಯದರ್ಶಿಗಳು ಕೇಳಿದಾಗ ನಾನೂ ಅದನ್ನೇ ಹೇಳಿದೆ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವವಳು ನಾನು. ಜೀವಶಾಸ್ತ್ರದ ಪಾಠ ನನ್ನ ಕೈಗೆ ಬಂದದ್ದಿಲ್ಲ. ಆದರೆ ಕೆಲವು ವರ್ಷಗಳಿಂದ ಒಂದು ವಿಷಯವನ್ನು ಬೆನ್ನು ಹತ್ತಿ ಓದುತ್ತಿದ್ದೇನೆ. ಅರ್ಥವಾಗದ ಕಡೆ ನಮ್ಮ ವಿಜ್ಞಾನದ ಶಿಕ್ಷಕರನ್ನೂ ಪರಿಚಯದ ವೈದ್ಯರನ್ನೂ ಕಾಡಿ ತಿಳಿದುಕೊಂಡಿದ್ದೇನೆ. ಅದಕ್ಕೆ ಕಾರಣ ನನ್ನ ತರಗತಿಯ ಒಬ್ಬ ಹುಡುಗಿ. ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದೇ ಈ ಮಾತು ಆಡುತ್ತಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ.

ಆಗ ಅವಳು ಆರನೆಯ ತರಗತಿ. ಚುರುಕಾದ ಹುಡುಗಿ, ಪದ್ಯ ಬಾಯಿಪಾಠ ಮಾಡುವುದರಲ್ಲಿ ಮೊದಲು. ಒಂದು ದಿನ ಪಾಠದ ನಡುವೆ ಎದ್ದು, "ಟೀಚರ್, ನೀರು ಕುಡದ ಬರ್ಲೇನ್ರಿ?" ಎಂದಳು. ಕಳಿಸಿದೆ. ಹತ್ತು ನಿಮಿಷಕ್ಕೆ ಮತ್ತೆ, "ಟೀಚರ್, ಹೊರಗ ಹೋಗಿ ಬರ್ಲೇನ್ರಿ?" ಮರುದಿನವೂ ಅದೇ. ಮೂರನೆಯ ದಿನ ನನಗೆ ಸಿಟ್ಟು ಬಂತು. "ಪಾಠ ತಪ್ಪಿಸಾಕ ಇದೊಂದು ನೆಪ ಸಿಕ್ಕೈತಿ ನಿನಗ, ಕೂಡು" ಎಂದು ಗದರಿಸಿ ಕೂಡಿಸಿದೆ. ಎಲ್ಲ ಮಕ್ಕಳು ನಕ್ಕರು. ಅವಳು ತಲೆ ತಗ್ಗಿಸಿ ಕೂತಳು. ಅವಳು ಸೊರಗುತ್ತಿರುವುದು ನನ್ನ ಕಣ್ಣಿಗೆ ಬಿದ್ದಿತ್ತು. ಬೆಳೆಯುವ ವಯಸ್ಸು, ಇರಬಹುದು ಎಂದುಕೊಂಡಿದ್ದೆ. ಎರಡು ವಾರದ ಮೇಲೆ ವಾಂತಿ, ಹೊಟ್ಟೆನೋವು, ಮೇಲುಸಿರು ಬಂದು, ಎಚ್ಚರ ತಪ್ಪುವ ಸ್ಥಿತಿಯಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ದರು. ರಕ್ತದಲ್ಲಿ ಸಕ್ಕರೆ ವಿಪರೀತ ಏರಿತ್ತು. ರಕ್ತ ಆಮ್ಲೀಯವಾಗಿತ್ತು. ಅಲ್ಲಿಯ ವೈದ್ಯರು ಹೇಳಿದ ಕಾಯಿಲೆಯ ಹೆಸರು ಒಂದನೆಯ ಬಗೆಯ ಮಧುಮೇಹ, ಟೈಪ್ ಒನ್ ಡಯಾಬಿಟಿಸ್.

ನಾನು ಬಿ.ಎಡ್. ಮಾಡಿದವಳು. ಶಿಶು ಮನೋವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದವಳು. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಉಂಡರೂ ಇಳಿಯುವ ತೂಕ, ಈ ಮೂರು ಒಟ್ಟಿಗೆ ಕಂಡರೆ ಆ ದಿನವೇ ಮಗುವಿನ ರಕ್ತ ಪರೀಕ್ಷೆ ಮಾಡಿಸಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಇಲ್ಲಿ ಕುಳಿತಿರುವ ಶಿಕ್ಷಕ ಮಿತ್ರರಿಗೆ ಗೊತ್ತಿರಲಿ ಎಂದು ಇದನ್ನು ಮೊದಲೇ ಹೇಳಿದ್ದೇನೆ.

ನಮ್ಮ ಓಣಿಗಳಲ್ಲಿ 'ಶುಗರ್' ಎಂದರೆ ನಡುವಯಸ್ಸಿನವರ ಕಾಯಿಲೆ. ಅಬ್ಬಾಗೆ ಇದೆ, ನಾನಿಗೆ ಇದೆ, ಮಾತ್ರೆ ನುಂಗುತ್ತಾರೆ, ಚಹಾಕ್ಕೆ ಸಕ್ಕರೆ ಬಿಟ್ಟಿದ್ದಾರೆ. ಅದು ಎರಡನೆಯ ಬಗೆ. ಅಲ್ಲಿ ದೇಹದಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಸರಿಯಾಗಿ ಕೆಲಸಕ್ಕೆ ಬರುವುದಿಲ್ಲ, ಅಥವಾ ಸಾಲುವುದಿಲ್ಲ. ಮಕ್ಕಳದು ಬೇರೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಸಣ್ಣ ಸಣ್ಣ ಗುಂಪುಗಳಿವೆ. ಆ ಮಗುವಿನ ಸ್ವಂತ ರೋಗನಿರೋಧಕ ವ್ಯವಸ್ಥೆಯೇ ಅವನ್ನು ಶತ್ರುವೆಂದು ಬಗೆದು ಕೊಲ್ಲುತ್ತದೆ. ಸಿಹಿ ತಿಂದದ್ದಕ್ಕೆ ಬಂದದ್ದಲ್ಲ, ತಾಯಿಯ ತಪ್ಪಲ್ಲ, ಯಾರ ನಜರೂ ತಾಗಿದ್ದಲ್ಲ. 1922ಕ್ಕೆ ಮೊದಲು ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗನಿಗೆ ಇನ್ಸುಲಿನ್ ಚುಚ್ಚಿದರು. ಅಂದಿನಿಂದ ಈ ಕಾಯಿಲೆ ಇದ್ದೂ ಬದುಕಬಹುದು ಎಂದಾಯಿತು. ಆದರೆ ದಿನವೂ, ದಿನಕ್ಕೆ ಹಲವು ಸಲ, ಸೂಜಿ.

ಇದು ಎಲ್ಲೋ ದೂರದ ದೇಶದ ಕಾಯಿಲೆಯೂ ಅಲ್ಲ. 1995ರಿಂದ 2008ರವರೆಗಿನ ಕರ್ನಾಟಕ ಮಧುಮೇಹ ದಾಖಲಾತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಲಕ್ಷ ಗಂಡುಮಕ್ಕಳಲ್ಲಿ 3.7, ಲಕ್ಷ ಹೆಣ್ಣುಮಕ್ಕಳಲ್ಲಿ 4.0 ಹೊಸ ಪ್ರಕರಣಗಳು ಕಂಡುಬಂದಿದ್ದವು. ಸಂಖ್ಯೆ ಸಣ್ಣದೆನಿಸಬಹುದು. ಹುಬ್ಬಳ್ಳಿ-ಧಾರವಾಡದಂಥ ಅವಳಿ ನಗರದಲ್ಲಿ ಎಷ್ಟು ಲಕ್ಷ ಜನರಿದ್ದಾರೆ, ಎಷ್ಟು ಶಾಲೆಗಳಿವೆ ಎಂದು ನೆನೆದರೆ ನಮ್ಮ ಯಾವುದೋ ಒಂದು ಬೆಂಚಿನ ಮೇಲೆ ಇಂಥ ಮಗು ಕೂತಿರುತ್ತದೆ.

ಈಗ ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಮಾತು. ಕನ್ನಡದಲ್ಲಿ ನಾವು 'ರೋಗನಿರೋಧಕ ಶಕ್ತಿ' ಎನ್ನುತ್ತೇವೆ. ಉರ್ದುವಿನಲ್ಲಿ 'ಕುವ್ವತ್-ಎ-ಮುದಾಫಿಅತ್'. ಎರಡೂ ಯುದ್ಧದ ಮಾತುಗಳೇ. ತಡೆಯುವುದು, ರಕ್ಷಣೆಗೆ ಹೋರಾಡುವುದು. ಹೀಗಾಗಿ ನಮ್ಮ ತಲೆಯಲ್ಲಿ ಒಂದು ಚಿತ್ರ ಕೂತುಬಿಟ್ಟಿದೆ: ದೇಹದೊಳಗೆ ಸೈನ್ಯವಿದೆ, ಅದು ಎಷ್ಟು ಬಲವಾಗಿದ್ದರೆ ಅಷ್ಟು ಒಳ್ಳೆಯದು. ಕೋವಿಡ್ ಕಾಲದಲ್ಲಿ ಇಮ್ಯುನಿಟಿ ಹೆಚ್ಚಿಸುವ ಕಷಾಯ, ಚೂರ್ಣ ಎಷ್ಟು ಮಾರಾಟವಾದವು ನೋಡಿದ್ದೀರಿ. ಆದರೆ ಈ ಹುಡುಗಿಯ ದೇಹದಲ್ಲಿ ಸೈನ್ಯಕ್ಕೆ ಬಲದ ಕೊರತೆಯಿಲ್ಲ. ಕೊರತೆ ಇರುವುದು ಸಹನೆಯಲ್ಲಿ. ವಿಜ್ಞಾನಿಗಳೂ ಇದೇ ಅರ್ಥದ ಶಬ್ದವನ್ನೇ ಬಳಸುತ್ತಾರೆ ಎಂದು ಓದಿದಾಗ ನನಗೆ ಆಶ್ಚರ್ಯವಾಯಿತು. ತನ್ನವರನ್ನು ತನ್ನವರೆಂದು ಬಿಟ್ಟುಬಿಡುವ ಗುಣಕ್ಕೆ ಅವರು ಸಹನೆ ಎನ್ನುತ್ತಾರೆ. ನಮ್ಮ 'ಬರ್ದಾಶ್ತ್'.

ಆ ಸಹನೆಯನ್ನು ಕಾಯುವವರು ಯಾರು? ಓಣಿಯಲ್ಲಿ ಗಲಾಟೆಯಾದರೆ ಹುಡುಗರು ಕೈ ಎತ್ತುವ ಮೊದಲು ಒಬ್ಬಿಬ್ಬರು ಹಿರಿಯರು ನಡುವೆ ಬಂದು, "ಸಾಕ್ರಪಾ, ಮನೀಗ ನಡೀರಿ" ಎನ್ನುತ್ತಾರಲ್ಲ, ಅಂಥ ಹಿರಿಯರು ನಮ್ಮ ರಕ್ತದಲ್ಲಿಯೂ ಇದ್ದಾರೆ. ಅವುಗಳ ಹೆಸರು ನಿಯಂತ್ರಕ ಟಿ ಕೋಶಗಳು. ಜಪಾನಿನ ಶಿಮೋನ್ ಸಕಾಗುಚಿ ಎಂಬ ವಿಜ್ಞಾನಿ ಇವುಗಳ ಬೆನ್ನು ಹತ್ತಿದರು. ಹುಟ್ಟಿದ ಮೂರು ದಿನದ ಇಲಿಮರಿಯ ಥೈಮಸ್ ಗ್ರಂಥಿ ತೆಗೆದರೆ ಅದಕ್ಕೆ ರೋಗನಿರೋಧಕ ಶಕ್ತಿ ಕುಂದಬೇಕಿತ್ತು. ಆದರೆ ಆ ಇಲಿಗಳ ದೇಹವೇ ತನ್ನ ಅಂಗಗಳ ಮೇಲೆ ತಿರುಗಿ ಬೀಳುತ್ತಿತ್ತು. ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಕೊಟ್ಟರೆ ಆ ದಾಳಿ ನಿಲ್ಲುತ್ತಿತ್ತು. ಹಾಗಾದರೆ ಆ ಕೋಶಗಳ ನಡುವೆ ಶಾಂತಿ ಕಾಯುವವು ಯಾವುವೋ ಇವೆ ಎಂದು ಅವರು ಹುಡುಕಿ, 1995ರಲ್ಲಿ ಅವುಗಳ ಗುರುತನ್ನು ಪ್ರಕಟಿಸಿದರು. ಆಗ ಬಹಳ ಜನ ನಂಬಲಿಲ್ಲ. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರು ಫಾಕ್ಸ್‌ಪಿ3 ಎಂಬ ವಂಶವಾಹಿಯನ್ನು ಕಂಡುಹಿಡಿದರು. ಅದು ಕೆಟ್ಟರೆ ಈ ನಿಯಂತ್ರಕ ಕೋಶಗಳೇ ತಯಾರಾಗುವುದಿಲ್ಲ. ಆ ದೋಷವಿರುವ ಗಂಡುಮಕ್ಕಳಲ್ಲಿ ಎಳೆಯ ಕೂಸಿರುವಾಗಲೇ ಮಧುಮೇಹ ಬರುವುದುಂಟು. ಈ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು. ಆ ಸುದ್ದಿ ಬಂದ ದಿನ ನಾನು ಸ್ಟಾಫ್ ರೂಮಿನಲ್ಲಿ ಪೇಡೆ ಹಂಚಿದೆ. "ಏನ್ ಮೇಡಂ, ನಿಮ್ಮ ಬೀಗರೇನು?" ಎಂದು ನಮ್ಮ ಗಣಿತದ ಮಾಸ್ತರರು ಕೇಳಿದರು.

ನಮ್ಮ ಕರ್ನಾಟಕದಲ್ಲಿಯೂ ಈ ಕೋಶಗಳ ಮೇಲೆ ಕೆಲಸ ನಡೆದಿದೆ. ಬೆಂಗಳೂರಿನಲ್ಲಿ ಡಾ. ಅಪೂರ್ವಾ ಸರೀನ್ ಅವರ ತಂಡ ಒಂದು ಪ್ರಶ್ನೆ ಹಿಡಿದು ಕೂತಿತ್ತು: ಬೇಕಾದ ಪೋಷಕ ಸಂಕೇತಗಳು ಸಿಗದಿದ್ದಾಗ ಉಳಿದ ಟಿ ಕೋಶಗಳು ಸಾಯುತ್ತವೆ, ನಿಯಂತ್ರಕ ಕೋಶಗಳು ಹೇಗೆ ತಾಳಿಕೊಳ್ಳುತ್ತವೆ? ನಾಚ್ ಎಂಬ ಪ್ರೋಟೀನಿನ ಸಹಾಯದಿಂದ ಅವು ಬದುಕುಳಿಯುತ್ತವೆ ಎಂದು 2012ರಲ್ಲಿಯೂ 2016ರಲ್ಲಿಯೂ ಆ ತಂಡ ಬರೆಯಿತು. ಒಂದು ಕೋಶ ಹಸಿವಿನಲ್ಲಿ ಹೇಗೆ ಬದುಕುತ್ತದೆ ಎಂಬುದು ಪುಸ್ತಕದ ಪ್ರಶ್ನೆಯಂತೆ ಕಾಣುತ್ತದೆ. ಮುಂದೆ ಬರುವ ಮಾತಿಗೆ ಅದೇ ಮುಖ್ಯ.

ಯಾಕೆಂದರೆ ವೈದ್ಯರಿಗೆ ಹೊಳೆದ ಉಪಾಯ ಸರಳವಾದದ್ದು. ರೋಗಿಯ ರಕ್ತ ತೆಗೆದು, ಅದರಲ್ಲಿಯ ನಿಯಂತ್ರಕ ಕೋಶಗಳನ್ನು ಆರಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಮರಳಿ ಅವರಿಗೇ ಕೊಡುವುದು. 2015ರಲ್ಲಿ ಅಮೆರಿಕದಲ್ಲಿ ಹೊಸದಾಗಿ ಮಧುಮೇಹ ಬಂದ 14 ಜನ ವಯಸ್ಕರಿಗೆ ಹೀಗೆ ಮಾಡಿದ ವರದಿ ಬಂತು. ಕೆಲವರಿಗೆ 50 ಲಕ್ಷ ಕೋಶ, ಕೆಲವರಿಗೆ 260 ಕೋಟಿಯವರೆಗೆ. ಅಪಾಯವೇನೂ ಆಗಲಿಲ್ಲ. ಆದರೆ ಒಂದು ವರ್ಷದ ಮೇಲೆ ನೋಡಿದರೆ ರಕ್ತದಲ್ಲಿ ಉಳಿದದ್ದು ಹೆಚ್ಚೆಂದರೆ ಕಾಲು ಭಾಗ. ನಂತರ ನೂರಕ್ಕೂ ಹೆಚ್ಚು ಮಕ್ಕಳಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಕೋಶ ಪಡೆದ ಮಕ್ಕಳಿಗೂ ಪಡೆಯದವರಿಗೂ ಇನ್ಸುಲಿನ್ ಉತ್ಪತ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ಬೇಸರವಾಗಿತ್ತು, ಸುಳ್ಳು ಹೇಳುವುದಿಲ್ಲ.

ಏಕೆ ಹೀಗಾಗಬಹುದು? ರಕ್ತನಾಳದಲ್ಲಿ ಬಿಟ್ಟ ಕೋಶಗಳು ದೇಹದ ತುಂಬ ಚದುರಿಹೋಗುತ್ತವೆ. ಬೇಕಾದ ಜಾಗಕ್ಕೆ ಮುಟ್ಟುವವು ಸ್ವಲ್ಪ. ಮುಟ್ಟಿದವಕ್ಕೂ ಅಲ್ಲಿ ಆಹಾರವಿಲ್ಲ, ಸುತ್ತಲೂ ಉರಿಯೂತ. ಕುಂದಗೋಳ, ಬ್ಯಾಡಗಿ ಕಡೆಯಿಂದ ಬಂದ ಮಕ್ಕಳು ಇಲ್ಲಿ ಇದ್ದೀರಿ. ಮೆಣಸಿನ ಸಸಿಯನ್ನು ಬರಿಬೇರಿನಲ್ಲಿ ಬಿಸಿಲಿಗೆ ನೆಟ್ಟರೆ ಏನಾಗುತ್ತದೆ ಎಂದು ನಿಮ್ಮ ತಂದೆಯವರನ್ನು ಕೇಳಿ. ಬೇರಿಗೆ ಅಂಟಿದ ಮಣ್ಣಿನ ಹೆಂಟೆಯ ಸಮೇತ ತಂದು, ಹಸಿ ನೆಲದಲ್ಲಿ ಇಟ್ಟರೆ ಹಿಡಿಯುತ್ತದೆ. ಕೋಶಗಳಿಗೂ ಅಂಥ ಹೆಂಟೆಮಣ್ಣು ಬೇಕು ಎಂಬಲ್ಲಿಂದ ನಾನು ಇಂದು ಹೇಳಬೇಕೆಂದಿರುವ ವಿಷಯ ಆರಂಭವಾಗುತ್ತದೆ. ಆ ಮಣ್ಣಿಗೆ ಜೈವಿಕ ವಸ್ತುಗಳು ಎನ್ನುತ್ತಾರೆ. ದೇಹದೊಳಗೆ ಇಟ್ಟರೂ ದೇಹ ತಾಳಿಕೊಳ್ಳುವ, ಕೆಲಸ ಮುಗಿದ ಮೇಲೆ ಅನೇಕ ಸಲ ತಾವೇ ಕರಗಿಹೋಗುವ ವಸ್ತುಗಳು.

ಇವು ನಮಗೆ ಅಪರಿಚಿತವಲ್ಲ. ಹೆರಿಗೆಯಾದ ತಾಯಂದಿರಿಗೆ ವೈದ್ಯರು "ಹೊಲಿಗಿ ಬಿಚ್ಚೂದು ಬ್ಯಾಡ, ತಾನ ಕರಗತೈತಿ" ಎಂದು ಹೇಳಿರುತ್ತಾರೆ. ಆ ಕೃತಕ ದಾರ 1970ರ ದಶಕದಿಂದ ಬಳಕೆಯಲ್ಲಿದೆ. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ, ಅದರ ಬಳಗದ ಗ್ಲೈಕೋಲಿಕ್ ಆಮ್ಲ, ಇವನ್ನು ಸರಪಳಿಯಂತೆ ಜೋಡಿಸಿ ಮಾಡಿದ ಪ್ಲಾಸ್ಟಿಕ್ ಅದು. ದೇಹದ ನೀರು ತಾಗಿ ನಿಧಾನವಾಗಿ ಆ ಸರಪಳಿ ತುಂಡಾಗುತ್ತದೆ. ಅದೇ ವಸ್ತುವನ್ನು ದಾರ ಮಾಡುವ ಬದಲು ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳಾಗಿ ಮಾಡಿ ಒಳಗೆ ಔಷಧ ತುಂಬಬಹುದು, ಅದು ವಾರಗಟ್ಟಲೆ ಸೋರುತ್ತಿರುತ್ತದೆ. ಅಥವಾ ತೂತುತೂತಾದ ಸ್ಪಂಜಿನಂತೆ ಮಾಡಿ ಅದರಲ್ಲಿ ಕೋಶಗಳನ್ನು ಕೂಡಿಸಬಹುದು. ಮನೆ ಕಟ್ಟುವಾಗ ಗೌಂಡಿಗಳು ನಿಂತು ಕೆಲಸ ಮಾಡಲು ಸಾರುವೆ ಕಟ್ಟುತ್ತಾರಲ್ಲ, ಹಾಗೆ. 2013ರಲ್ಲಿ ಅಮೆರಿಕದ ಲೋನಿ ಶೇ ಮತ್ತು ಸಂಗಡಿಗರು ಇಂಥದೇ ಸ್ಪಂಜಿನಲ್ಲಿ ಇನ್ಸುಲಿನ್ ತಯಾರಿಸುವ ಕೋಶಗುಂಪುಗಳನ್ನೂ ನಿಯಂತ್ರಕ ಟಿ ಕೋಶಗಳನ್ನೂ ಒಟ್ಟಿಗೆ ಕೂಡಿಸಿ ಮಧುಮೇಹದ ಇಲಿಗಳಲ್ಲಿ ಇಟ್ಟರು. ಕಾಯಬೇಕಾದವರೂ ಕಾಯಿಸಿಕೊಳ್ಳಬೇಕಾದವರೂ ಒಂದೇ ಮನೆಯಲ್ಲಿ. ಕಸಿ ಉಳಿಯಿತು. ದಾಳಿ ತಣ್ಣಗಾದದ್ದು ಸ್ಪಂಜಿದ್ದ ಜಾಗದಲ್ಲಿ ಮಾತ್ರವಲ್ಲ, ಇಡೀ ದೇಹದಲ್ಲಿ ಸಹನೆ ಕಂಡುಬಂತು.

ಇನ್ನೊಂದು ವಸ್ತು ಸಮುದ್ರಪಾಚಿಯಿಂದ ಬರುವ ಆಲ್ಜಿನೇಟ್. ಹಲ್ಲಿನ ಡಾಕ್ಟರು ಬಾಯಲ್ಲಿ ಅಚ್ಚು ತೆಗೆಯಲು ಇಡುತ್ತಾರಲ್ಲ, ಆ ಹಿಟ್ಟು ಅದರದ್ದೇ. ಕ್ಯಾಲ್ಸಿಯಂ ಸೇರಿದರೆ ಅದು ಸಬ್ಬಕ್ಕಿ ಬೆಂದಂತೆ ಪಾರದರ್ಶಕ ಗುಂಡಾಗುತ್ತದೆ. 1980ರಲ್ಲಿಯೇ ಫ್ರಾಂಕ್ಲಿನ್ ಲಿಮ್ ಮತ್ತು ಆಂಥೊನಿ ಸನ್ ಎಂಬುವರು ಈ ಗುಂಡುಗಳೊಳಗೆ ಇನ್ಸುಲಿನ್ ಕೋಶಗಳನ್ನು ಬಚ್ಚಿಟ್ಟು ಇಲಿಗಳ ಸಕ್ಕರೆಯನ್ನು ಕೆಲವು ವಾರ ಹತೋಟಿಗೆ ತಂದಿದ್ದರು. ಸಕ್ಕರೆ, ಇನ್ಸುಲಿನ್ ಒಳಗೆ ಹೊರಗೆ ಓಡಾಡುತ್ತವೆ, ದಾಳಿಕೋರ ಕೋಶಗಳು ಮಾತ್ರ ಒಳಗೆ ನುಗ್ಗಲಾರವು. ಅಷ್ಟು ಚೆಂದದ ಉಪಾಯ ನಲವತ್ತು ವರ್ಷ ದಾಟಿದರೂ ಆಸ್ಪತ್ರೆಗೆ ಏಕೆ ಬಂದಿಲ್ಲ? ದೇಹ ಆ ಗುಂಡನ್ನೇ ಹೊರಗಿನದೆಂದು ಗುರುತಿಸಿ ಅದರ ಸುತ್ತ ನಾರಿನ ಗೋಡೆ ಕಟ್ಟುತ್ತದೆ. ಒಳಗಿನ ಕೋಶಗಳು ಉಸಿರು ಕಟ್ಟಿ ಸಾಯುತ್ತವೆ. 2016ರಲ್ಲಿ ಅಮೆರಿಕದ ಎಂ.ಐ.ಟಿ. ಮತ್ತು ಹಾರ್ವರ್ಡ್‌ನ ತಂಡ ಆಲ್ಜಿನೇಟನ್ನು ರಾಸಾಯನಿಕವಾಗಿ ಸ್ವಲ್ಪ ಬದಲಿಸಿ, ಮಾನವ ಆಕರಕೋಶಗಳಿಂದ ಬೆಳೆಸಿದ ಬೀಟಾ ಕೋಶಗಳನ್ನು ಅದರಲ್ಲಿಟ್ಟು, ಇಲಿಗಳಲ್ಲಿ 174 ದಿನ ಸಕ್ಕರೆ ಹತೋಟಿಯಲ್ಲಿಟ್ಟಿತು.

ಈ ನಾರಿನ ಗೋಡೆ ಕಟ್ಟುವವರು ಯಾರು, ಮೊದಲು ಓಡಿಬರುವವರು ಯಾರು ಎಂದು ನೋಡಿದವರಲ್ಲಿ ಒಬ್ಬರು ಇಂದು ನಮ್ಮ ಬೆಂಗಳೂರಿನಲ್ಲಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಯ, ಡಾ. ಸಿದ್ಧಾರ್ಥ ಝುನ್‌ಝುನ್‌ವಾಲಾ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಮಾಡಿದ ಕೆಲಸ ನನಗೆ ಹೆಚ್ಚು ಮೆಚ್ಚಿಗೆಯಾಯಿತು. ಹೊಲಿಗೆ ದಾರದ ಅದೇ ವಸ್ತುವಿನ ಕಿರುಗುಂಡುಗಳಲ್ಲಿ ಮೂರು ಪದಾರ್ಥ ತುಂಬಿದರು. ಅವುಗಳಲ್ಲೊಂದು ರಾಪಾಮೈಸಿನ್. ಈ ಔಷಧದ ಕಥೆಯೇ ಸ್ವಾರಸ್ಯವಾದದ್ದು. ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ತಂದ ಮಣ್ಣಿನಲ್ಲಿ ಅದು ಸಿಕ್ಕಿತು. ಅದನ್ನು ಬೇರ್ಪಡಿಸಿದವರು ಸುರೇಂದ್ರನಾಥ ಸೆಹಗಲ್ ಎಂಬ ಭಾರತೀಯ ಮೂಲದ ವಿಜ್ಞಾನಿ. ಇಂದು ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ಕೊಡುತ್ತಾರೆ. ಇರಲಿ. ಆ ಮೂರೂ ಪದಾರ್ಥ ನಿಧಾನವಾಗಿ ಸೋರಿದಾಗ ಸಾಮಾನ್ಯ ಟಿ ಕೋಶಗಳೇ ನಿಯಂತ್ರಕ ಕೋಶಗಳಾಗಿ ಬದಲಾದವು ಎಂದು 2012ರಲ್ಲಿ ಅವರ ತಂಡ ತೋರಿಸಿತು. ಅಂದರೆ ಹಿರಿಯರನ್ನು ಹೊರಗಿನಿಂದ ಕರೆತರುವ ಬದಲು ಓಣಿಯ ಹುಡುಗರನ್ನೇ ತಿದ್ದುವ ದಾರಿ. ಅದೇ ವರ್ಷ ಇದ್ದಲ್ಲಿಯ ನಿಯಂತ್ರಕ ಕೋಶಗಳನ್ನು ವಾಸನೆಯಂತೆ ಸೆಳೆದು ತರುವ ಗುಂಡುಗಳನ್ನೂ ಅವರು ಮಾಡಿದರು. ಈಗ ಬೆಂಗಳೂರಿನ ಅವರ ಪ್ರಯೋಗಾಲಯದಲ್ಲಿ, ನಮ್ಮ ಬಿಳಿ ರಕ್ತಕಣಗಳು ಹೊರಗಿನ ಕಣಗಳನ್ನು, ಒಳಗಿಟ್ಟ ವಸ್ತುಗಳನ್ನು ಕಂಡಾಗ ಹೇಗೆ ವರ್ತಿಸುತ್ತವೆ ಎಂಬ ಅಧ್ಯಯನ ನಡೆದಿದೆ.

ಮಕ್ಕಳಿಗೆ ಇಷ್ಟವಾಗುವ ಇನ್ನೊಂದು ಸಂಗತಿ ಹೇಳುತ್ತೇನೆ. ಮುಂಬಯಿಯಲ್ಲಿ ಕಲಿತು ಈಗ ಹಾರ್ವರ್ಡ್‌ನಲ್ಲಿರುವ ಸಮೀರ್ ಮಿತ್ರಗೋತ್ರಿ ಅವರ ತಂಡ ಕೋಶಗಳ ಬೆನ್ನಿಗೆ ಪಾಟಿಚೀಲ ಹಾಕುತ್ತದೆ! ಹೌದು, ಔಷಧ ತುಂಬಿದ ಚಪ್ಪಟೆ ಬಿಲ್ಲೆಯನ್ನು ಕೋಶದ ಮೈಗೆ ಅಂಟಿಸುತ್ತಾರೆ. ಕೋಶ ಅದನ್ನು ಹೊತ್ತುಕೊಂಡೇ ಉರಿಯೂತ ಇರುವ ಕಡೆ ಹೋಗುತ್ತದೆ. ಚೀಲದಿಂದ ಸೋರುವ ಔಷಧ ಆ ಕೋಶವನ್ನೇ ಶಾಂತ ಸ್ವಭಾವದಲ್ಲಿ ಇಡುತ್ತದೆ. ದೇಹ ತನ್ನ ನರಗಳನ್ನೇ ತಿನ್ನುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯ ಮಾದರಿ ಇಲಿಗಳಲ್ಲಿ ಇದು ಫಲ ಕೊಟ್ಟಿತೆಂದು 2023ರಲ್ಲಿ ಪ್ರಕಟಿಸಿದರು. ನಿಮ್ಮ ಚೀಲಗಳಿಗಿಂತ ಅದು ಹಗುರ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇಲ್ಲಿಯವರೆಗೆ ಎಷ್ಟು ಸಲ 'ಇಲಿ' ಎಂದೆ, ಯಾರಾದರೂ ಎಣಿಸಿದಿರಾ? ಬೇಕೆಂದೇ ಅಂದೆ. ಏಕೆಂದರೆ ಈಗ ಆ ಹುಡುಗಿಯ ಮನೆಗೆ ಮರಳುತ್ತೇನೆ.

ಆಸ್ಪತ್ರೆಯಿಂದ ಬಂದ ಕೆಲವು ವಾರಗಳಲ್ಲಿ ಅವಳಿಗೆ ಬೇಕಾಗುತ್ತಿದ್ದ ಇನ್ಸುಲಿನ್ ಕಡಿಮೆಯಾಗುತ್ತ ಬಂತು. ಅದೇ ವೇಳೆಗೆ ಸಂಬಂಧಿಕರೊಬ್ಬರು ಯಾರದೋ ಪುಡಿ ತಂದುಕೊಟ್ಟಿದ್ದರು. ಪುಡಿ ಕೆಲಸ ಮಾಡುತ್ತಿದೆ ಎಂದು ಮನೆಯವರೆಲ್ಲ ಸಂತೋಷಪಟ್ಟರು. ಇನ್ಸುಲಿನ್ ನಿಲ್ಲಿಸಿದರು. ಹುಡುಗಿ ಎರಡನೆಯ ಸಲ ತುರ್ತು ಚಿಕಿತ್ಸಾ ಘಟಕ ಸೇರಿದಳು. ನಂತರ ನನಗೆ ತಿಳಿದದ್ದು ಏನೆಂದರೆ, ಇನ್ಸುಲಿನ್ ಆರಂಭಿಸಿದ ಮೇಲೆ ಅಳಿದುಳಿದ ಬೀಟಾ ಕೋಶಗಳು ಸ್ವಲ್ಪ ಕಾಲ ಚೇತರಿಸಿಕೊಂಡು ಕೆಲಸ ಮಾಡುತ್ತವೆ. ವೈದ್ಯರು ಅದಕ್ಕೆ 'ಮಧುಚಂದ್ರದ ಅವಧಿ' ಎನ್ನುತ್ತಾರೆ. ಕೆಲವು ತಿಂಗಳು, ಕೆಲವರಲ್ಲಿ ಇನ್ನೂ ಹೆಚ್ಚು. ಆಮೇಲೆ ಅದು ಮುಗಿಯುತ್ತದೆ. ಆ ಅವಧಿಯಲ್ಲಿ ಯಾವ ಪುಡಿ ಕೊಟ್ಟರೂ, ಯಾವ ತಾಯಿತ ಕಟ್ಟಿದರೂ ಗುಣವಾದಂತೆಯೇ ಕಾಣುತ್ತದೆ. ಇದನ್ನು ಯಾರೂ ಆ ತಾಯಿಗೆ ತಿಳಿಯುವ ಮಾತಿನಲ್ಲಿ ಹೇಳಿರಲಿಲ್ಲ. ಭಾಷೆ ಬಲ್ಲ ನಮ್ಮಂಥವರು ಮಾಡಬೇಕಾದ ಕೆಲಸ ಅದು. ನಾವೂ ಮಾಡಿರಲಿಲ್ಲ.

ಕಳೆದ ವರ್ಷ ಆ ತಾಯಿ ಶಾಲೆಗೆ ಬಂದರು. ಕೈಯಲ್ಲಿ ಮೊಬೈಲು. "ಆಪಾ, ಒಂದ್ ಮಾತ್ ಕೇಳ್ತೀನ್ರಿ. ಫೋನ್‌ನ್ಯಾಗ ಇದು ಬಂದೈತಿ. ಸೆಲ್ ಥೆರಪಿ ಅಂತ. ಒಮ್ಮೆ ಮಾಡಿಸಿದ್ರ ಇನ್ಸುಲಿನ್ ಬಿಡಬಹುದಂತ. ಲಕ್ಷಗಟ್ಟಲೆ ಹೇಳ್ತಾರ. ಪ್ಲಾಟ್ ಮಾರೂಣೇನು ಅಂತ ಇವ್ರ ಅಬ್ಬಾ ಕೇಳಾಕತ್ತಾರ. ನೀವ್ ಓದೀರಿ, ನೀವ್ ಹೇಳ್ರಿ."

ನನಗೆ ಕೂಡಲೇ ಉತ್ತರ ಕೊಡಲಾಗಲಿಲ್ಲ. ಏಕೆಂದರೆ 'ಕೋಶ ಚಿಕಿತ್ಸೆ' ಎಂಬುದು ಪೂರ್ತಿ ಸುಳ್ಳಲ್ಲ. ಜರ್ಮನಿಯ ಎರ್ಲಾಂಗೆನ್ ನಗರದಲ್ಲಿ ಲೂಪಸ್ ಎಂಬ ಸ್ವಯಂನಿರೋಧಕ ಕಾಯಿಲೆಯ 20 ವರ್ಷದ ಯುವತಿಗೆ ಅವಳದೇ ಟಿ ಕೋಶಗಳನ್ನು ಮಾರ್ಪಡಿಸಿ ಕೊಟ್ಟು ರೋಗ ಹಿಂಜರಿದ ವರದಿ 2021ರಲ್ಲಿ ಬಂತು. 2024ರಲ್ಲಿ ಅಂಥದೇ ಕಾಯಿಲೆಗಳ 15 ರೋಗಿಗಳ ವರದಿ ಬಂತು, ಅವರೆಲ್ಲ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಗಳನ್ನು ಬಿಟ್ಟಿದ್ದರು. ಮಧುಮೇಹದಲ್ಲಿಯೂ 2025ರ ಜೂನ್‌ನಲ್ಲಿ ದೊಡ್ಡ ಸುದ್ದಿ ಬಂದಿದೆ. ಆಕರಕೋಶಗಳಿಂದ ಬೆಳೆಸಿದ ಇನ್ಸುಲಿನ್ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಜನರಲ್ಲಿ 10 ಜನರಿಗೆ ಒಂದು ವರ್ಷದ ನಂತರ ಇನ್ಸುಲಿನ್ ಬೇಕಾಗಿರಲಿಲ್ಲ. ಆದರೆ ಆ ಕೋಶಗಳನ್ನು ಉಳಿಸಿಕೊಳ್ಳಲು ಇಡೀ ದೇಹದ ರೋಗನಿರೋಧಕ ಶಕ್ತಿಯನ್ನು ಔಷಧದಿಂದ ಕುಗ್ಗಿಸಿಯೇ ಇಡಬೇಕು. ಸೂಜಿ ತಪ್ಪಿತು, ಸೋಂಕಿನ ಭಯ ಬಂತು. ಬೆಳೆಯುವ ಮಗುವಿಗೆ ಆ ವ್ಯಾಪಾರ ಲಾಭದ್ದಲ್ಲ. ಸ್ಪಂಜು, ಗುಂಡು, ಪಾಟಿಚೀಲಗಳ ಕೆಲಸ ಬೇಕಾಗಿರುವುದು ಇಲ್ಲಿಯೇ: ಇಡೀ ಊರಿಗೆ ಕರ್ಫ್ಯೂ ಹಾಕುವ ಬದಲು ಗಲಾಟೆಯಾಗುವ ಓಣಿಯಲ್ಲಿ ಮಾತ್ರ ಶಾಂತಿ ತರುವುದು.

ನಮ್ಮ ದೇಶದಲ್ಲಿ ಮಾರ್ಪಡಿಸಿದ ಟಿ ಕೋಶಗಳ ಚಿಕಿತ್ಸೆಗೆ ಮೊದಲ ಅನುಮತಿ 2023ರ ಅಕ್ಟೋಬರ್‌ನಲ್ಲಿ, ಐ.ಐ.ಟಿ. ಮುಂಬಯಿಯಲ್ಲಿ ಹುಟ್ಟಿದ ಔಷಧಕ್ಕೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯದು 2025ರ ಜನವರಿಯಲ್ಲಿ ಬಂತು. ಎರಡಕ್ಕೂ ಅನುಮತಿ ಸಿಕ್ಕದ್ದು ರಕ್ತ ಸಂಬಂಧಿ ಕ್ಯಾನ್ಸರಿಗೆ. ವಿದೇಶಕ್ಕಿಂತ ಎಷ್ಟೋ ಅಗ್ಗ ಎನ್ನುತ್ತಾರೆ, ಆದರೂ ಖರ್ಚು ಹತ್ತಾರು ಲಕ್ಷ. ಒಬ್ಬೊಬ್ಬ ರೋಗಿಗೂ ಪ್ರತ್ಯೇಕವಾಗಿ, ವಾರಗಟ್ಟಲೆ ಪ್ರಯೋಗಾಲಯದಲ್ಲಿ ತಯಾರಿಸಬೇಕಾದ ಔಷಧ ಅದು. ಜೈವಿಕ ವಸ್ತುಗಳು ಇಲ್ಲಿಯೂ ಸಹಾಯಕ್ಕೆ ಬರಬಹುದು. 2022ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ತಂಡವೊಂದು ಆಲ್ಜಿನೇಟ್ ಸ್ಪಂಜಿನಲ್ಲಿ ರಕ್ತಕಣ ಮತ್ತು ಬೇಕಾದ ಸಾಮಗ್ರಿ ತುಂಬಿ ದೇಹದಲ್ಲಿಟ್ಟು, ವಾರಗಳ ಕೆಲಸವನ್ನು ಒಂದೇ ದಿನಕ್ಕೆ ಇಳಿಸಿ ತೋರಿಸಿತು. ಅದೂ ಇಲಿಗಳಲ್ಲಿಯೇ, ಅದೂ ಕ್ಯಾನ್ಸರಿಗೆ.

ಆದ್ದರಿಂದ ನಾನು ಆ ತಾಯಿಗೆ ಹೇಳಿದ್ದು ಇಷ್ಟು. "ಆಪಾ, ಪ್ಲಾಟ್ ಮಾರಬ್ಯಾಡ್ರಿ. ಅವ್ರು ಹೇಳೂದು ಇವತ್ತಿಗೆ ಎಲ್ಲೂ ಅನುಮತಿ ಸಿಕ್ಕ ಚಿಕಿತ್ಸೆ ಅಲ್ಲ ನಮ್ಮ ದೇಶದಾಗ." ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿಯೇ ಆಕರಕೋಶಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥವನ್ನು ಬಿಟ್ಟು ಉಳಿದೆಲ್ಲವೂ ಸಂಶೋಧನೆಯೇ, ಅದನ್ನು ಚಿಕಿತ್ಸೆಯೆಂದು ಮಾರುವಂತಿಲ್ಲ ಎಂದು ಅದರಲ್ಲಿದೆ. ಸಂಶೋಧನೆಯಾಗಿದ್ದರೆ ರೋಗಿಯಿಂದ ಹಣ ಕೇಳುವಂತಿಲ್ಲ. ಹಣ ಕೇಳಿದರು ಎಂದರೆ ಅಲ್ಲಿಯೇ ಗುರುತು ಸಿಕ್ಕಿತು. ಆ ತಾಯಿ ಸುಮ್ಮನೆ ಕೂತರು. ನಂತರ, "ಹಂಗಾರ ಇನ್ನೂ ಎಷ್ಟ್ ವರ್ಷ ಆಗತೈತ್ರಿ?" ಎಂದು ಕೇಳಿದರು. ಹುಡುಗಿಯ ಮದುವೆಯ ಚಿಂತೆ ಆ ಪ್ರಶ್ನೆಯಲ್ಲಿತ್ತು. ಎಷ್ಟು ವರ್ಷ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಅಂದು ಒಟ್ಟಿಗೆ ಕುಳಿತು ಲೆಕ್ಕ ಹಾಕಿದೆವು: ಪ್ಲಾಟಿನ ಆಸೆ ಬಿಟ್ಟು, ಸಕ್ಕರೆ ನೋಡುವ ಪಟ್ಟಿಗಳಿಗೆ ತಿಂಗಳಿಗೆ ಎಷ್ಟು, ಇನ್ಸುಲಿನ್‌ಗೆ ಎಷ್ಟು, ಎಲ್ಲಿ ಕಡಿಮೆಗೆ ಸಿಗುತ್ತದೆ.

ಶಾಲೆಯಲ್ಲಿ ನಾವು ಮಾಡಿಕೊಂಡ ವ್ಯವಸ್ಥೆ ದೊಡ್ಡದೇನಲ್ಲ. ಅವಳು ಕೇಳದೆಯೇ ಹೊರಗೆ ಹೋಗಬಹುದು. ಪರೀಕ್ಷೆಯ ಹೊತ್ತಿನಲ್ಲಿಯೂ ಗ್ಲೂಕೋಸ್ ಬಿಸ್ಕಿಟು, ಸಕ್ಕರೆ ಮೇಜಿನ ಮೇಲೆ ಇರುತ್ತದೆ. ಕೈ ನಡುಗಿ ಬೆವರಿದರೆ ಪಕ್ಕದ ಹುಡುಗಿಯರಿಗೆ ಏನು ಮಾಡಬೇಕೆಂದು ಗೊತ್ತಿದೆ, ಮೊದಲು ಸಕ್ಕರೆ, ಆಮೇಲೆ ಟೀಚರ್. ಏಪ್ರಿಲ್ ಬಿಸಿಲಿಗೆ ಇನ್ಸುಲಿನ್ ಕೆಡಬಾರದೆಂದು ಸ್ಟಾಫ್ ರೂಮಿನ ಮೂಲೆಯಲ್ಲಿ ಎರಡು ಮಣ್ಣಿನ ಗಡಿಗೆ ಇಟ್ಟಿದ್ದೇವೆ, ಒಂದರೊಳಗೊಂದು, ನಡುವೆ ಹಸಿ ಉಸುಕು. ರಂಜಾನ್‌ನಲ್ಲಿ ಅಕ್ಕತಂಗಿಯರಂತೆ ತಾನೂ ರೋಜಾ ಹಿಡಿಯುತ್ತೇನೆಂದು ಹಟ ಮಾಡಿದ್ದಳು. ವೈದ್ಯರು ಬೇಡವೆಂದರು. ಓಣಿಯ ಮೌಲಾನಾ ಅವರೂ ಮನೆಗೆ ಬಂದು, ರೋಗಿಗೆ ವಿನಾಯಿತಿ ಇದೆ ಮಗಳೇ ಎಂದು ಸಮಾಧಾನ ಹೇಳಿದರು. ಅಳುತ್ತಲೇ ಒಪ್ಪಿಕೊಂಡಳು.

ಈಗ ಅವಳು ಹತ್ತನೆಯ ತರಗತಿ. ಈ ಭಾಷಣ ಬರೆದು ಮೊದಲು ಅವಳಿಗೇ ಓದಲು ಕೊಟ್ಟೆ. ತಪ್ಪು ಹುಡುಕುವ ಸಂತೋಷದಲ್ಲಿ ಓದಿದಳು. ಎರಡು ಒತ್ತಕ್ಷರ ತಿದ್ದಿದಳು. ಮೊದಲ ಪುಟದಲ್ಲಿ ನಾನು ಅವಳನ್ನು ಗದರಿಸಿದ ಜಾಗಕ್ಕೆ ಬಂದಾಗ, ಇದನ್ನು ಬಿಡಲೇನು ಎಂದು ಕೇಳಿದೆ. "ಇರಲಿ ಟೀಚರ್" ಎಂದಳು. "ಆದ್ರ ಎಲ್ಲ ಮಕ್ಕಳು ನಕ್ಕಿದ್ದಿಲ್ಲ ಟೀಚರ್. ನನ್ನ ಬಾಜೂಕ ಕೂತಾಕಿ ನಕ್ಕಿದ್ದಿಲ್ಲ. ಅದನ್ನ ತಿದ್ದ್ರಿ."

ತಿದ್ದಲು ಸಮಯವಾಗಲಿಲ್ಲ, ಇಲ್ಲಿ ಹೇಳಿದ್ದೇನೆ.